ಭಾನುವಾರವೇ ತರಕಾರಿ ಹದ ಮಾಡಿ ಫ್ರೀಜರ್‌ಗೆ: ಬೆಳಗಿನ ಸ್ಮೂದಿಗೆ ನಿಮ್ಮ ಮನೆಯ ಕ್ರಮ ಹೇಳಿ

ರಾಜಾಜಿನಗರ ಅಮ್ಮ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಮನೆಯಲ್ಲಿ ಬೆಳಗ್ಗೆ ಮೂರು ಲೋಟ ತರಕಾರಿ ಸ್ಮೂದಿ ಮಾಡುತ್ತಿದ್ದೇನೆ. ನನಗೆ, ಮನೆಯವರಿಗೆ, ಮಗಳಿಗೆ. ಮಗಳ ಸ್ಕೂಲ್ ವ್ಯಾನ್ 7:20ಕ್ಕೆ ಬರುತ್ತದೆ. ಆ ಹೊತ್ತಲ್ಲಿ ಸೊಪ್ಪು ಬಿಡಿಸಿ, ಮೂರು ನೀರಲ್ಲಿ ತೊಳೆದು, ಕ್ಯಾರೆಟ್ ಸಿಪ್ಪೆ ತೆಗೆಯುತ್ತ ಕೂರಲು ಆಗುವುದೇ ಇಲ್ಲ. ಒಂದು ಒಲೆಯಲ್ಲಿ ಡಬ್ಬಿಗೆ ಚಿತ್ರಾನ್ನ, ಇನ್ನೊಂದರಲ್ಲಿ ಹಾಲು. ಅದಕ್ಕೇ ಭಾನುವಾರವೇ ಎಲ್ಲ ಹೆಚ್ಚಿ ಫ್ರೀಜರ್‌ನಲ್ಲಿ ಇಡಲು ಶುರು ಮಾಡಿದೆ.

ಆದರೆ ಎರಡು ತೊಂದರೆ ಆಯಿತು. ಪಾಲಕ್ ಸೊಪ್ಪು ತೊಳೆದು, ಹಸಿಯಾಗಿಯೇ ಕವರ್‌ಗೆ ತುಂಬಿ ಇಟ್ಟಿದ್ದೆ. ಮೊದಲ ವಾರ ಚೆನ್ನಾಗಿತ್ತು. ಮೂರನೇ ವಾರ ಕವರ್ ಬಿಚ್ಚಿದರೆ ಒಣಹುಲ್ಲಿನ ವಾಸನೆ. ಬಣ್ಣವೂ ಮಂಕು. ಮಗಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಇನ್ನೊಂದು, ಬೀಟ್‌ರೂಟ್ ಮತ್ತು ಕ್ಯಾರೆಟ್ ಹೋಳುಗಳು ಅಂಟಿಕೊಂಡು ಇಟ್ಟಿಗೆಯ ಹಾಗೆ ಆಗಿಬಿಟ್ಟವು. ಕಟ್ಟೆಗೆ ಕುಟ್ಟಿ ಒಡೆದು ಮಿಕ್ಸಿಗೆ ಹಾಕಿದೆ. ಮಿಕ್ಸಿ ಗುಂಯ್ ಅಂದು ನಿಂತೇ ಹೋಯಿತು.

ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಮಗಳು ಪಲ್ಯದಲ್ಲಿ ಸೊಪ್ಪು ಮುಟ್ಟುವುದಿಲ್ಲ, ಇದರಲ್ಲಿ ಮಾತ್ರ ಕುಡಿಯುತ್ತಾಳೆ. ಯಾವ ತರಕಾರಿಯನ್ನು ಹೇಗೆ ಇಡಬೇಕು, ಎಷ್ಟು ದಿನ ಇಡಬಹುದು, ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರು ಆಹಾರ ವಿದ್ಯಾರ್ಥಿನಿ

ಅಕ್ಕ, ನಿಮ್ಮ ಪಾಲಕ್ ಕೆಟ್ಟಿದ್ದಲ್ಲ, ಅದರ ಕೆಲಸ ಅದು ಮಾಡುತ್ತಲೇ ಇತ್ತು. ಗಿಡದಿಂದ ಕಿತ್ತ ಮೇಲೂ ಸೊಪ್ಪಿನೊಳಗೆ ಕಿಣ್ವಗಳು, ಅಂದರೆ ಎಂಜೈಮ್‌ಗಳು, ಇರುತ್ತವೆ. ಫ್ರೀಜರ್ ಅವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬಣ್ಣ, ರುಚಿ, ವಾಸನೆ ಎಲ್ಲ ಒಳಗೊಳಗೇ ಬದಲಾಗುತ್ತದೆ. ಅದನ್ನು ನಿಲ್ಲಿಸಲು ಇರುವ ದಾರಿ ಬಿಸಿ ಮಾತ್ರ.

ದೊಡ್ಡ ಪಾತ್ರೆಯಲ್ಲಿ ನೀರು ತಳಮಳ ಕುದಿಯಬೇಕು. ಅದಕ್ಕೆ ಸೊಪ್ಪು ಹಾಕಿ ಸರಿಯಾಗಿ 2 ನಿಮಿಷ. ತೆಗೆದ ತಕ್ಷಣ ಐಸ್ ಹಾಕಿದ ತಣ್ಣೀರಿಗೆ, ಅಲ್ಲೂ ಅಷ್ಟೇ ಹೊತ್ತು. ತೆಳ್ಳಗೆ ಹೆಚ್ಚಿದ ಕ್ಯಾರೆಟ್‌ಗೂ 2 ನಿಮಿಷ ಸಾಕು. ಹೂಕೋಸಿಗೆ 3 ನಿಮಿಷ. ಬೀಟ್‌ರೂಟ್ ಮತ್ತು ಸಿಹಿಗುಂಬಳವನ್ನು ಮಾತ್ರ ಪೂರ್ತಿ ಮೆತ್ತಗೆ ಬೇಯಿಸಿಯೇ ಇಡಿ.

ಒಂದು ಮಾತು ತುಂಬಾ ಮುಖ್ಯ. ಅರೆಬರೆ ಬಿಸಿ ಮಾಡಿದರೆ ಕಿಣ್ವ ಸಾಯುವ ಬದಲು ಇನ್ನೂ ಚುರುಕಾಗುತ್ತದೆ. ಅದಕ್ಕಿಂತ ಹಸಿಯಾಗಿ ಇಡುವುದೇ ಮೇಲು. ಜಾಸ್ತಿ ಸೊಪ್ಪನ್ನು ಒಟ್ಟಿಗೇ ಸುರಿದರೆ ನೀರು ತಣ್ಣಗಾಗಿ ಹೀಗೇ ಆಗುತ್ತದೆ. ಸೊಪ್ಪು ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿ ಬರಬೇಕು. ಬರದಿದ್ದರೆ ಸೊಪ್ಪು ಜಾಸ್ತಿ ಆಯಿತು ಅಂತ ಅರ್ಥ.

ಹುಬ್ಬಳ್ಳಿ ಬ್ಯಾಚುಲರ್

ನಾನು ರೂಮಿನಲ್ಲಿ ಒಬ್ಬನೇ ಇರುವವನು, ಒಂದೇ ಬಾಗಿಲಿನ ಫ್ರಿಜ್. ಪಾಲಕ್, ಸೌತೆಕಾಯಿ, ಪುದೀನ ಎಲ್ಲ ಹಸಿಯಾಗಿಯೇ ಹೆಚ್ಚಿ ಇಡುತ್ತೇನೆ. ಐದು ಪೊಟ್ಟಣ, ಸೋಮವಾರದಿಂದ ಶುಕ್ರವಾರದವರೆಗೆ. ಒಮ್ಮೆಯೂ ವಾಸನೆ ಬಂದಿಲ್ಲರೀ. ಇಷ್ಟೆಲ್ಲ ಕುದಿಸಿದರೆ ಸತ್ವ ನೀರಿಗೆ ಹೋಗುವುದಿಲ್ಲವಾ?

ಮೈಸೂರು ಆಹಾರ ವಿದ್ಯಾರ್ಥಿನಿ

ನೀವು ಹೇಳಿದ್ದು ಸರಿ ಇದೆ ಅಣ್ಣ. ಒಂದು ವಾರದೊಳಗೆ ಮುಗಿಸುವುದಾದರೆ ಹಸಿಯಾಗಿ ಇಟ್ಟರೂ ನಡೆಯುತ್ತದೆ. ಅಕ್ಕನಿಗೆ ಆಗಿದ್ದು ಮೂರನೇ ವಾರದಲ್ಲಿ. ಸೌತೆಕಾಯಿ, ಟೊಮೆಟೊ, ಪುದೀನ, ಕೊತ್ತಂಬರಿ, ಶುಂಠಿ ಇವಕ್ಕೆ ಬಿಸಿ ಬೇಕಾಗಿಲ್ಲ. ಕರಗಿದ ಮೇಲೆ ಮೆತ್ತಗಾಗುತ್ತವೆ. ಕೋಸಂಬರಿಗೆ ಆಗುವುದಿಲ್ಲ, ಅರೆಯಲು ಏನೂ ತೊಂದರೆ ಇಲ್ಲ.

ಸತ್ವದ ವಿಷಯಕ್ಕೆ ಬಂದರೆ, ವಿಟಮಿನ್ ಸಿ ಒಂದಷ್ಟು ನೀರಿಗೆ ಹೋಗುವುದು ನಿಜ. ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ ಬಾಡಿಸಿದರೆ ಕಡಿಮೆ ಹೋಗುತ್ತದೆ, ಆದರೆ ಕುದಿನೀರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್ ನೀರಿನಲ್ಲಿ ಕರಗುವಂಥದ್ದಲ್ಲ, ಹೆಚ್ಚುಕಮ್ಮಿ ಹಾಗೆಯೇ ಉಳಿಯುತ್ತದೆ. ಅದು ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕು. ನಾಲ್ಕು ಬಾದಾಮಿ ಅಥವಾ ಒಂದು ಚಮಚ ಕಾಯಿತುರಿ ಹಾಕಿ ಅರೆಯಿರಿ. ವಿಟಮಿನ್ ಸಿ ಬೇಕು ಅಂದರೆ ಬೀಜ ತೆಗೆದ ನೆಲ್ಲಿಕಾಯಿ ಹೋಳು ಎರಡು, ಇಲ್ಲವೇ ಕುಡಿಯುವ ಮುಂಚೆ ಅರ್ಧ ನಿಂಬೆಹಣ್ಣು.

ತೀರ್ಥಹಳ್ಳಿ ಕಡೆಯವರು

ಈ ಹುಡುಗಿ ಹೇಳಿದ ‘ಬಾಡಿಸುವುದು’ ಅನ್ನುವ ಮಾತು ಓದಿ ಬಹಳ ಸಂತೋಷ ಆಯಿತು. ನಮ್ಮ ಕಡೆ ತಂಬುಳಿಗೆ ಮಾಡುವುದೇ ಅದು. ಒಂದೆಲಗ, ದೊಡ್ಡಪತ್ರೆ, ನೆಲಬಸಳೆ ಯಾವುದೇ ಇರಲಿ, ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹಾಕಿ ಎಲೆ ಬಾಡಿಸಿ, ಕಾಯಿ ಹಾಕಿ ಅರೆದು, ಮಜ್ಜಿಗೆ ಬೆರೆಸುವುದು. ಬಾಯಿಗೆ ತಂಪು, ಹೊಟ್ಟೆಗೆ ಹಗುರ. ಯಾವ ಸ್ಮೂದಿಗೆ ಕಡಿಮೆ ಹೇಳಿ?

ಮಗ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ಅಲ್ಲಿ ಒಂದೆಲಗ ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಮಳೆಗಾಲದಲ್ಲಿ ತೋಟದ ಕಾಲುವೆ ಬದಿಯಲ್ಲಿ ಹಾಸಿದ ಹಾಗೆ ಬೆಳೆದಿರುತ್ತದೆ. ಬೇರಿನ ಮಣ್ಣು ಹೋಗುವಂತೆ ನಾಲ್ಕೈದು ಸಲ ತೊಳೆದು, ತುಪ್ಪದಲ್ಲಿ ಬಾಡಿಸಿ, ನೀರು ಆದಷ್ಟು ಕಡಿಮೆ ಹಾಕಿ ನುಣ್ಣಗೆ ಅರೆಯುತ್ತೇನೆ. ಐಸ್ ಟ್ರೇಗೆ ತುಂಬಿ ಒಂದು ರಾತ್ರಿ ಬಿಟ್ಟರೆ ಹಸಿರು ಕಲ್ಲುಸಕ್ಕರೆಯ ಹಾಗೆ ಕುಳಿತಿರುತ್ತದೆ. ಅದನ್ನು ಬಿಡಿಸಿ ಕವರ್‌ಗೆ ಹಾಕಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಹತ್ತುವಾಗ ಅವನ ಕೈಗೆ ಕೊಡುತ್ತೇನೆ. ಅವನು ಬೆಳಗ್ಗೆ ಎರಡು ಗಡ್ಡೆ, ಒಂದು ಲೋಟ ಮಜ್ಜಿಗೆ, ಚಿಟಿಕೆ ಉಪ್ಪು ಹಾಕಿ ಮಿಕ್ಸಿ ತಿರುಗಿಸಿ ಕುಡಿದು ಆಫೀಸಿಗೆ ಹೋಗುತ್ತಾನೆ.

ಕಾಯಿ ಮತ್ತು ಮಜ್ಜಿಗೆಯನ್ನು ಫ್ರೀಜರ್‌ಗೆ ಹಾಕಬೇಡಿ. ಮಜ್ಜಿಗೆ ಒಡೆದ ಹಾಗೆ ನೀರು ಬೇರೆ ಆಗುತ್ತದೆ. ಅವೆರಡು ಆ ದಿನದ್ದೇ ಇರಲಿ.

ದಾವಣಗೆರೆ ಮಿಕ್ಸಿ ರಿಪೇರಿ

ನಮ್ಮ ಅಂಗಡಿಗೆ ಈಗೀಗ ಬರುವ ಮಿಕ್ಸಿಗಳಲ್ಲಿ ಇದೇ ಕಥೆ ಜಾಸ್ತಿ. ಅಮ್ಮಾ, ನಿಮ್ಮ ಮಿಕ್ಸಿ ಸುಟ್ಟಿರಲಿಕ್ಕಿಲ್ಲ. ತಳದಲ್ಲಿ ಒಂದು ಕೆಂಪು ಬಟನ್ ಇರುತ್ತದೆ ನೋಡಿ. ಲೋಡ್ ಜಾಸ್ತಿ ಆದರೆ ಅದು ಹೊರಗೆ ಬಂದು ಕರೆಂಟ್ ಕಡಿಯುತ್ತದೆ. ಪ್ಲಗ್ ತೆಗೆದು, ಹತ್ತು ನಿಮಿಷ ತಣ್ಣಗಾಗಲು ಬಿಟ್ಟು, ಬಟನ್ ಒಳಗೆ ಒತ್ತಿದರೆ ಮತ್ತೆ ಓಡುತ್ತದೆ.

ನಮ್ಮ ಮನೆಗಳಲ್ಲಿ ಇರುವುದು 500 ಅಥವಾ 750 ವಾಟ್ ಮಿಕ್ಸಿ. ಅದು ದೋಸೆ ಹಿಟ್ಟಿಗೆ, ಚಟ್ನಿಗೆ, ಮಸಾಲೆಗೆ ಮಾಡಿದ್ದು. ಕಲ್ಲಿನಂಥ ಗಡ್ಡೆ ಹಾಕಿದರೆ ಮೊದಲು ಹೋಗುವುದು ಜಾರ್ ಕೆಳಗಿನ ಕಪ್ಲರ್. ಅದು ಹೋದರೆ ಚಿಂತೆ ಇಲ್ಲ, ಕಡಿಮೆ ದುಡ್ಡಿಗೆ ಹಾಕಿಕೊಡುತ್ತಾರೆ. ಬ್ಲೇಡಿನ ದಂಡ ಕೂರುವ ಬುಷ್ ಸವೆದರೆ ಮಾತ್ರ ಕೆಟ್ಟದ್ದು. ಜಾರ್ ಒಳಗೆ ಬ್ಲೇಡಿನ ಬುಡದಲ್ಲಿ ಕಪ್ಪು ನೀರು ಜಿನುಗುತ್ತದೆ. ಅದು ನಿಮ್ಮ ಹೊಟ್ಟೆಗೇ ಹೋಗುತ್ತದೆ. ತೊಳೆದಿಟ್ಟ ಜಾರಿನ ಒಳಗೆ ಬಿಳಿ ಬಟ್ಟೆಯಿಂದ ಬ್ಲೇಡ್ ಸುತ್ತ ಒರೆಸಿ ನೋಡಿ. ಕಪ್ಪು ಹತ್ತಿದರೆ ಆ ಜಾರ್ ಬಳಸಬೇಡಿ, ಮೊದಲು ಬುಷ್ ಬದಲಿಸಿ.

ಹೋಳನ್ನು ಅಂಗುಲಕ್ಕಿಂತ ಚಿಕ್ಕದಾಗಿ ಹೆಚ್ಚಿ. ಬೆಳಗ್ಗೆ ಎದ್ದ ತಕ್ಷಣ ಪೊಟ್ಟಣ ಹೊರಗಿಡಿ, ಹತ್ತು ನಿಮಿಷ ಸಾಕು, ಅಷ್ಟರಲ್ಲಿ ಹಲ್ಲುಜ್ಜಿ ಬರಬಹುದು. ಜಾರಿಗೆ ಮೊದಲು ನೀರು ಅಥವಾ ಹಾಲು, ಆಮೇಲೆ ಹೋಳು. ಅರ್ಧ ಜಾರ್ ದಾಟಬೇಡಿ. ಶುರುವಿನಲ್ಲಿ ನಾಬ್ ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ, ಹೋಳು ಒಡೆದ ಮೇಲೆ ಒಂದನೇ ನಂಬರಿಗೆ ಬನ್ನಿ. ನೇರ ಮೂರಕ್ಕೆ ಹೋಗಬೇಡಿ. ಚಟ್ನಿ ಜಾರಿನಲ್ಲಿ ಇದನ್ನು ಮಾಡಲೇಬೇಡಿ.

ರಾಜಾಜಿನಗರ ಅಮ್ಮ

ಅಣ್ಣಾ, ಕೆಂಪು ಬಟನ್ ಹೊರಗೇ ಬಂದಿತ್ತು! ಒತ್ತಿದೆ, ಓಡುತ್ತಿದೆ. ನಿಮಗೆ ಪುಣ್ಯ ಬರಲಿ. ಹೊಸದು ತರಲು ಹೊರಟಿದ್ದೆ.

ತುಮಕೂರು ವಾಕಿಂಗ್ ಬಳಗ

ನಮ್ಮ ಪಾರ್ಕಿನ ಗೆಳೆಯರೆಲ್ಲ ಬೆಳಗ್ಗೆ ಸೋರೆಕಾಯಿ ಕುಡಿಯುತ್ತೇವೆ. ನಾನು ವಾರಕ್ಕೊಮ್ಮೆ ಮೂರು ಸೋರೆಕಾಯಿ ತಂದು, ಹಸಿಯಾಗಿ ಹೆಚ್ಚಿ, ಪುದೀನ ಮತ್ತು ನೆಲ್ಲಿಕಾಯಿ ಬೆರೆಸಿ ಏಳು ಡಬ್ಬಿ ಮಾಡಿ ಫ್ರೀಜರ್‌ನಲ್ಲಿ ಇಡುತ್ತೇನೆ. ಕೆಲವು ದಿನ ಸ್ವಲ್ಪ ಕಹಿ ಇರುತ್ತದೆ, ಒಂದು ಚಮಚ ಜೇನುತುಪ್ಪ ಹಾಕಿದರೆ ಗೊತ್ತಾಗುವುದಿಲ್ಲ. ಅಮ್ಮನವರು ಇದನ್ನೂ ಪ್ರಯತ್ನ ಮಾಡಬಹುದು.

ಮಂಗಳೂರು ವಾರ್ಡ್ ಸಿಸ್ಟರ್

ಸರ್, ಕೈ ಮುಗಿದು ಕೇಳುತ್ತೇನೆ, ಕಹಿ ಇದ್ದದ್ದನ್ನು ಕುಡಿಯಬೇಡಿ. ಫ್ರೀಜರ್‌ನಲ್ಲಿ ಈಗ ಇರುವ ಡಬ್ಬಿಗಳನ್ನು ಇವತ್ತೇ ಚೆಲ್ಲಿ.

ಸೋರೆಕಾಯಿ, ಸೌತೆಕಾಯಿ, ಕುಂಬಳ ಎಲ್ಲ ಒಂದೇ ಕುಟುಂಬ. ಇವುಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಕೆಲವೊಮ್ಮೆ ಜಾಸ್ತಿ ಇರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ. ಒಂದೇ ಬುಟ್ಟಿಯಲ್ಲಿ ಒಂದು ಸಿಹಿ, ಪಕ್ಕದ್ದು ಕಹಿ ಇರಬಹುದು. ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ವಾಂತಿ, ಭೇದಿ, ರಕ್ತವಾಂತಿ, ಬಿಪಿ ಬೀಳುವುದು ಎಲ್ಲ ಆಗುತ್ತದೆ. ಇದಕ್ಕೆ ಮದ್ದು ಅಂತ ಬೇರೆ ಇಲ್ಲ, ಆಸ್ಪತ್ರೆಯಲ್ಲಿ ಲಕ್ಷಣಗಳಿಗೆ ಚಿಕಿತ್ಸೆ ಕೊಡುವುದಷ್ಟೇ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಇಂಥ ಕಹಿ ರಸ ಕುಡಿದು ತೀರಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿ ಈ ವಿಷಯ ಪರಿಶೀಲಿಸಿ ಸ್ಪಷ್ಟವಾಗಿ ಹೇಳಿದೆ: ರಸ ಮಾಡುವ ಮುಂಚೆ ಚೂರು ರುಚಿ ನೋಡಿ, ಕಹಿ ಇದ್ದರೆ ಪೂರ್ತಿ ಬಿಸಾಡಿ, ಬೇರೆ ರಸದ ಜೊತೆ ಬೆರೆಸಬೇಡಿ.

ನಿಮ್ಮ ಕ್ರಮದಲ್ಲಿ ನನಗೆ ಭಯ ಆಗುವುದು ಇದಕ್ಕೇ. ಮೂರು ಕಾಯಿ ಒಟ್ಟಿಗೆ ಬೆರೆತರೆ ಯಾವುದು ಕಹಿ ಅಂತ ತಿಳಿಯುವುದಿಲ್ಲ. ನೆಲ್ಲಿಕಾಯಿ, ಜೇನು ಸೇರಿದರೆ ನಾಲಿಗೆ ಕೊಡುವ ಎಚ್ಚರಿಕೆಯೂ ಮುಚ್ಚಿಹೋಗುತ್ತದೆ. ಕಹಿ ಕುಡಿದು ಹೊಟ್ಟೆ ತೊಳಸಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ತುಮಕೂರು ವಾಕಿಂಗ್ ಬಳಗ

ಸಿಸ್ಟರ್, ಓದಿ ಕೈಕಾಲು ತಣ್ಣಗಾಯಿತು. ಏಳೂ ಡಬ್ಬಿ ಚೆಲ್ಲಿದೆ. ಬಳಗದ ವಾಟ್ಸಾಪ್‌ಗೂ ನಿಮ್ಮ ಮಾತು ಹಾಕಿದ್ದೇನೆ. ನಾಳೆ ಪಾರ್ಕಿನಲ್ಲಿ ಮತ್ತೆ ಬಾಯಿಮಾತಲ್ಲೂ ಹೇಳುತ್ತೇನೆ, ಎಲ್ಲರೂ ಮೊಬೈಲ್ ನೋಡುವುದಿಲ್ಲ.

ಮಂಗಳೂರು ವಾರ್ಡ್ ಸಿಸ್ಟರ್

ಬಹಳ ಒಳ್ಳೆಯದಾಯಿತು ಸರ್.

ಸೊಪ್ಪಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಪಾಲಕ್, ದಂಟು, ಹರಿವೆ, ಬೀಟ್‌ರೂಟ್ ಇವುಗಳಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ. ಪಲ್ಯದಲ್ಲಿ ಎಷ್ಟು ತಿನ್ನುತ್ತೇವೆ? ಎರಡು ಸೌಟು. ಮಿಕ್ಸಿಯಲ್ಲಿ ಒಂದು ಕಟ್ಟು ಒಂದೇ ಲೋಟಕ್ಕೆ ಇಳಿದುಬಿಡುತ್ತದೆ. ದಿನಾ ಹಾಗೆ ಕುಡಿದರೆ ಕಿಡ್ನಿ ಕಲ್ಲು ಆದವರಿಗೆ ಅಪಾಯ. ಅಮೆರಿಕದಲ್ಲಿ 65 ವರ್ಷದ ಮಹಿಳೆಯೊಬ್ಬರಿಗೆ ಹಸಿರು ಸ್ಮೂದಿ ಪಥ್ಯದಿಂದಲೇ ಕಿಡ್ನಿ ಕೆಟ್ಟದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಅವರಿಗೆ ಹಿಂದೆ ಹೊಟ್ಟೆಯ ಬೈಪಾಸ್ ಆಪರೇಷನ್ ಆಗಿತ್ತು, ಆ್ಯಂಟಿಬಯಾಟಿಕ್ ಕೂಡ ತುಂಬಾ ದಿನ ತೆಗೆದುಕೊಂಡಿದ್ದರು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಆದರೆ ದಿನವೂ ಪಾಲಕ್ ಬೇಡ. ಕುದಿನೀರಲ್ಲಿ ಬಾಡಿಸಿ ಆ ನೀರು ಚೆಲ್ಲಿದರೆ ಒಂದಷ್ಟು ಆಕ್ಸಲೇಟ್ ಹೋಗುತ್ತದೆ. ಹಾಗಾಗಿ ಪಾಲಕ್ ಮಟ್ಟಿಗೆ ಹಬೆಗಿಂತ ನೀರೇ ವಾಸಿ.

ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳದೆ ಸೊಪ್ಪಿನ ಸ್ಮೂದಿ ಶುರು ಮಾಡಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ.

ಡಲ್ಲಾಸ್ ಕನ್ನಡಿಗ

ಇಲ್ಲಿ ನಮ್ಮ ಗ್ಯಾರೇಜಿನಲ್ಲಿ ಪ್ರತ್ಯೇಕ ಫ್ರೀಜರ್ ಇದೆ, ಮೈನಸ್ 18 ಡಿಗ್ರಿ ಸೆಲ್ಸಿಯಸ್. ಅಲ್ಲಿ ಬಾಡಿಸಿದ ಸೊಪ್ಪು ಆರು ತಿಂಗಳಾದರೂ ಚೆನ್ನಾಗಿರುತ್ತದೆ. ಊರಿಗೆ ಬಂದಾಗ ಅಮ್ಮನ ಒಂದು ಬಾಗಿಲಿನ ಫ್ರಿಜ್‌ನಲ್ಲಿ ಹಾಗೇ ಮಾಡಲು ಹೋದೆ, ಆಗಲಿಲ್ಲ. ಮೇಲಿನ ಚಿಕ್ಕ ಖಾನೆ ಅಷ್ಟು ತಣ್ಣಗಾಗುವುದಿಲ್ಲ. ಅದರಲ್ಲಿ ಇಟ್ಟ ಐಸ್‌ಕ್ರೀಮ್ ಸ್ಪೂನಿಗೆ ಮೆತ್ತಗೆ ಸಿಗುತ್ತಿದೆ ಅಂದರೆ ಮೈನಸ್ 18 ಇಲ್ಲ ಅಂತಲೇ ಲೆಕ್ಕ. ಅಂಥ ಫ್ರಿಜ್ ಇದ್ದವರು ಎರಡು ವಾರಕ್ಕಿಂತ ಜಾಸ್ತಿ ಇಡುವ ಆಸೆ ಬಿಡುವುದು ಒಳ್ಳೆಯದು.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಚಳಿಗೆ ಕರೆಂಟ್ ಹೋದಾಗ ಕಲಿತದ್ದು ಇದು. ಬಾಗಿಲು ತೆಗೆಯದೇ ಇದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಜಾಗ ಖಾಲಿ ಇದ್ದರೆ ನೀರಿನ ಬಾಟಲಿ ತುಂಬಿಸಿಡಿ. ಇನ್ನೊಂದು, ಒಂದು ಸಣ್ಣ ಬಟ್ಟಲಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ನಾಣ್ಯ ಇಡಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳದಲ್ಲಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಅರ್ಥ. ಅದನ್ನು ಬಳಸಬೇಡಿ. ಫ್ರೀಜರ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ.

ಅಂಗಡಿಯ ಫ್ರೋಜನ್ ಬಟಾಣಿ, ಜೋಳ ನೇರವಾಗಿ ಸ್ಮೂದಿಗೆ ಹಾಕುವವರು ಪ್ಯಾಕೆಟ್ ಹಿಂದೆ ಓದಿ. ‘ಬೇಯಿಸಿ ಬಳಸಿ’ ಅಂತ ಇದ್ದರೆ ಬೇಯಿಸಲೇಬೇಕು.

ಹಾಸನ ಸೊಸೆ

ಬೀಟ್‌ರೂಟ್ ಸಿಪ್ಪೆ ತೆಗೆದು ಬೇಯಿಸಬೇಕಾ, ಬೇಯಿಸಿ ತೆಗೆಯಬೇಕಾ?

ಮೈಸೂರು ಆಹಾರ ವಿದ್ಯಾರ್ಥಿನಿ

ಬೇಯಿಸಿ ತೆಗೆಯಿರಿ. ತುದಿಯ ಬೇರು, ಮೇಲಿನ ಒಂದಂಗುಲ ದಂಟು ಹಾಗೇ ಇರಲಿ, ಬಣ್ಣ ಸೋರುವುದಿಲ್ಲ. ಕುಕ್ಕರ್‌ನಲ್ಲಿ ಮೂರು ನಾಲ್ಕು ಕೂಗು. ತಣ್ಣಗಾದ ಮೇಲೆ ಸಿಪ್ಪೆ ಬೆರಳಲ್ಲೇ ಜಾರುತ್ತದೆ.

ರಾಜಾಜಿನಗರ ಅಮ್ಮ

ಎಲ್ಲರ ಮಾತು ಇಟ್ಟುಕೊಂಡು ಈ ಭಾನುವಾರ ಮಾಡಿದೆ. ಹೇಗಾಯಿತು ಅಂತ ಪೂರ್ತಿ ಬರೆಯುತ್ತೇನೆ, ಹೊಸಬರಿಗೆ ಸಹಾಯ ಆಗಬಹುದು.

ಬೆಳಗ್ಗೆ ಹಾಪ್‌ಕಾಮ್ಸ್‌ನಿಂದ ಪಾಲಕ್ ಮೂರು ಕಟ್ಟು, ಕ್ಯಾರೆಟ್ ಒಂದು ಕೆಜಿ, ಬೀಟ್‌ರೂಟ್ ಅರ್ಧ ಕೆಜಿ, ಸಿಹಿಗುಂಬಳ ಒಂದು ಹೋಳು, ನೆಲ್ಲಿಕಾಯಿ ಕಾಲು ಕೆಜಿ ತಂದೆ. ಮೊದಲು ಐಸ್ ಟ್ರೇ ಎರಡನ್ನೂ ಖಾಲಿ ಮಾಡಿ ತಣ್ಣೀರಿನ ಬೇಸಿನ್‌ಗೆ ಹಾಕಿಟ್ಟೆ. ಇದು ಮುಂಚೆ ಸಿದ್ಧ ಇರಬೇಕು, ಆಮೇಲೆ ಓಡಾಡಿದರೆ ಸೊಪ್ಪು ಬೆಂದುಹೋಗುತ್ತದೆ. ಒಂದು ಸಲಕ್ಕೆ ಅರ್ಧ ಕಟ್ಟು ಮಾತ್ರ ಕುದಿನೀರಿಗೆ ಹಾಕಿದೆ. ಮೊಬೈಲ್‌ನಲ್ಲಿ ಟೈಮರ್. 2 ನಿಮಿಷಕ್ಕೆ ಜಾಲರಿ ಸೌಟಲ್ಲಿ ಎತ್ತಿ ಐಸ್ ನೀರಿಗೆ ಬಿಟ್ಟಾಗ ಆ ಹಸಿರು ನೋಡಬೇಕಿತ್ತು, ಹೊಸ ರೇಷ್ಮೆ ಸೀರೆಯ ಹಾಗೆ. ನೀರು ಹಿಂಡಿ ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದೆ. ಹನ್ನೊಂದು ಉಂಡೆ ಆಯಿತು.

ಕ್ಯಾರೆಟ್ ಹೋಳನ್ನು ಬಾಡಿಸಿ, ಹಳೆಯ ಕಾಟನ್ ಪಂಚೆ ಮೇಲೆ ಹರಡಿ, ಇನ್ನೊಂದು ಮಡಿಕೆಯಿಂದ ಒತ್ತಿ ಒರೆಸಿದೆ. ಮುಂಚೆ ನಾನು ಮಾಡದೇ ಇದ್ದದ್ದು ಇದನ್ನೇ. ಒದ್ದೆ ಇದ್ದರೆ ಆ ನೀರೇ ಗಟ್ಟಿಯಾಗಿ ಹೋಳುಗಳನ್ನು ಅಂಟಿಸುತ್ತದೆ. ಆಮೇಲೆ ಊಟದ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ಗೆ ಇಟ್ಟೆ. ಮೂರು ಗಂಟೆ ಬಿಟ್ಟು ತೆಗೆದು ತಟ್ಟೆ ಅಲುಗಿಸಿದರೆ ಕವಡೆಯ ಹಾಗೆ ಗಲಗಲ ಸದ್ದು! ಒಂದೂ ಅಂಟಿರಲಿಲ್ಲ. ಕವರ್‌ಗೆ ತುಂಬಿ, ಗಾಳಿ ಒತ್ತಿ ತೆಗೆದು, ಪೇಪರ್ ಟೇಪ್ ಮೇಲೆ ತಾರೀಖು ಬರೆದೆ. ಬೀಟ್‌ರೂಟ್‌ಗೂ ಹೀಗೇ. ಕುಂಬಳ ಬೇಯಿಸಿ, ಚಿಕ್ಕ ಚೂರು ರುಚಿ ನೋಡಿ, ಮಸೆದು ಐಸ್ ಟ್ರೇಗೆ ಹಾಕಿದೆ. ಎಲ್ಲ ಸೇರಿ ಎರಡೂವರೆ ಗಂಟೆ. ನಡುವೆ ಮಗಳು ನೆಲ್ಲಿಕಾಯಿ ಬೀಜ ಬಿಡಿಸಿಕೊಟ್ಟಳು.

ಸೋಮವಾರ ಒಂದು ಪಾಲಕ್ ಉಂಡೆ, ಒಂದು ಬಾಳೆಹಣ್ಣು, ನಾಲ್ಕು ನೆಲ್ಲಿ ಹೋಳು, ಚೂರು ಶುಂಠಿ, ಎರಡು ಲೋಟ ನೀರು. ಮೂವರಿಗೆ ಅಷ್ಟೇ, ಸಿಸ್ಟರ್ ಹೇಳಿದ ಮೇಲೆ ಉಂಡೆ ಜಾಸ್ತಿ ಮಾಡಲಿಲ್ಲ. ಮಂಗಳವಾರ ಕ್ಯಾರೆಟ್, ಬೀಟ್‌ರೂಟ್, ಬಾದಾಮಿ. ಬುಧವಾರ ಕುಂಬಳದ ಗಡ್ಡೆ, ಹಾಲು, ಏಲಕ್ಕಿ, ಅರ್ಧ ಖರ್ಜೂರ. ಮಗಳು ಬುಧವಾರದ್ದನ್ನು ಇನ್ನೊಂದು ಲೋಟ ಕೇಳಿದಳು. ಎದ್ದು ಜಾರ್ ತೊಳೆಯುವ ತನಕ ಎಂಟು ನಿಮಿಷ.

ಹುಬ್ಬಳ್ಳಿ ಬ್ಯಾಚುಲರ್

ಅಕ್ಕಾರ, ನಿಮ್ಮದು ಓದಿ ನಾನೂ ಬೀಟ್‌ರೂಟ್ ಶುರು ಮಾಡಿದೆ. ಎರಡನೇ ದಿನ ಮೂತ್ರ ಕೆಂಪಗೆ ಬಂತು. ಹೆದರಿಕೆ ಆಗುತ್ತಿದೆ, ಆಸ್ಪತ್ರೆಗೆ ಹೋಗಬೇಕಾ?

ಮಂಗಳೂರು ವಾರ್ಡ್ ಸಿಸ್ಟರ್

ಬೀಟ್‌ರೂಟ್‌ನ ಬಣ್ಣ ಕೆಲವರಿಗೆ ಹಾಗೇ ಹೊರಗೆ ಬರುತ್ತದೆ ತಮ್ಮಾ, ತೊಂದರೆ ಇಲ್ಲ. ಎರಡು ದಿನ ಬೀಟ್‌ರೂಟ್ ನಿಲ್ಲಿಸಿ ನೋಡಿ. ಆಮೇಲೂ ಕೆಂಪು ಇದ್ದರೆ, ಅಥವಾ ಉರಿ, ನೋವು ಇದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ತೀರ್ಥಹಳ್ಳಿ ಕಡೆಯವರು

ರಾಜಾಜಿನಗರದ ಮಗಳೇ, ಪಂಚೆಯಲ್ಲಿ ಒತ್ತಿ ಒರೆಸುವುದು ನನಗೆ ಹೊಳೆದಿರಲಿಲ್ಲ. ನನ್ನ ಒಂದೆಲಗದ ಗಡ್ಡೆಯಲ್ಲೂ ನೀರು ಜಾಸ್ತಿ ಆಗಿ ಮೇಲೆ ಬಿಳಿ ಹಿಮ ಕೂರುತ್ತಿತ್ತು. ಮುಂದಿನ ವಾರ ಮಗ ಬಂದಾಗ ಒರೆಸಿ, ಬಾಡಿಸಿ, ಅರೆದು ನೋಡುತ್ತೇನೆ. ನಿಮ್ಮ ಮಗಳಿಗೂ ಒಂದು ಟ್ರೇ ಕಳಿಸಿಕೊಡಲಾ? ಅವನ ಆಫೀಸು ನಿಮ್ಮ ಕಡೆಯೇ ಇದೆ.

ರಾಜಾಜಿನಗರ ಅಮ್ಮ

ಅಮ್ಮಾ, ಖಂಡಿತ ಕಳಿಸಿ. ಫ್ರೀಜರ್‌ನ ಮೇಲಿನ ಖಾನೆಯಲ್ಲಿ ಈಗಲೇ ಜಾಗ ಮಾಡಿಟ್ಟಿದ್ದೇನೆ. ಮಜ್ಜಿಗೆ ನಮ್ಮ ಮನೆಯದ್ದು.